ಬಂದಗಿಸಾಬನ ಕಾಲಿನ ಅಳತೆ

ಇಂಡಿ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಚಪ್ಪಲಿ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಗಿರಾಕಿಗಳ ಮುಖ ನನಗೆ ನೆನಪಿರುವುದಿಲ್ಲ, ಕಾಲು ನೆನಪಿರುತ್ತದೆ. ಹಿಮ್ಮಡಿಯ ಬಿರುಕು ನೋಡಿ ಇವರು ಯಾವ ಕಡೆಯವರು, ಏನು ಕೆಲಸ ಮಾಡುತ್ತಾರೆ ಎಂದು ಹೇಳಿಬಿಡುತ್ತೇನೆಂದು ಕೊಚ್ಚಿಕೊಳ್ಳುತ್ತಿದ್ದೆ. ಚಪ್ಪಲಿ ಹಾಕಿಸಿ, ನಾಲ್ಕು ಹೆಜ್ಜೆ ನಡೆಸಿ, “ಕಾಲಿಗೆ ಹೆಂಗ ಅನಸ್ತೈತ್ರಿ?” ಎಂದು ಕೇಳುವುದು ನನ್ನ ರೂಢಿ. ಗಿರಾಕಿ ಏನು ಹೇಳುತ್ತಾನೋ ಅದೇ ಕೊನೆಯ ಮಾತು. ಕಾಲು ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದೆ. ಬಂದಗಿಸಾಬನ ಕಾಲು ಸುಳ್ಳು ಹೇಳಿತು, ನಾನು ನಂಬಿದೆ.

ಬಂದಗಿಸಾಬ ಲಿಂಬೆ ತೋಟ ನೋಡುವವನು. ತೋಟ ನೋಡುವುದೆಂದರೆ ಕಾಯುವುದಲ್ಲ. ಕಾಯಿ ಇನ್ನೂ ಗಿಡದಲ್ಲಿರುವಾಗಲೇ ವ್ಯಾಪಾರಿಗಳು ಇಡೀ ತೋಟವನ್ನು ಗುತ್ತಿಗೆ ಹಿಡಿಯುತ್ತಾರೆ. ಹಿಡಿಯುವ ಮುಂಚೆ ಸಾಲುಸಾಲು ಅಡ್ಡಾಡಿ, ಎಷ್ಟು ಚೀಲ ಬಂದೀತು, ಗಿಡದಿಂದ ಹರಿದ ಮೇಲೆ ಕಾಯಿ ಎಷ್ಟು ದಿನ ಕೆಡದೆ ತಡೆದೀತು ಎಂದು ಹೇಳಲು ತಿಳಿದವನೊಬ್ಬ ಬೇಕು. ಸರ್ಫರಾಜ ಎಂಬ ವ್ಯಾಪಾರಿಗೆ ಮೂವತ್ತು ವರ್ಷ ಹಾಗೆ ಹೇಳಿದವನು ಬಂದಗಿಸಾಬ. ಇಂಡಿಯ ಸುತ್ತಲಿನ ತೋಟಗಳಂತೂ ಆಯಿತು, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಅಲ್ಲೊಂದು ಇಲ್ಲೊಂದು ಬಾವಿ ನೀರಿನ ಮೇಲೆ ಎದ್ದ ತೋಟಗಳಲ್ಲೂ ಅವನು ತುಳಿಯದ ಸಾಲಿಲ್ಲ. ಇಂಗಳೇಶ್ವರದ ಬಸ್ಸು ತಪ್ಪಿದರೆ ನಡೆದೇ ಹೋಗಿಬಿಡುವ ಆಸಾಮಿ.

ಅವನ ವಿದ್ಯೆ ಇದ್ದದ್ದು ಕಣ್ಣಿನಲ್ಲಿ ಅಲ್ಲ, ಬಲಗಾಲಿನ ಹೆಬ್ಬೆರಳಿನಲ್ಲಿ. ತೋಟದ ಮಾಲೀಕರೇನು ಕಮ್ಮಿ ಜನವೇ? ವ್ಯಾಪಾರಿ ಬರುವ ಸುದ್ದಿ ಹತ್ತಿದರೆ ಎರಡು ದಿನ ಮುಂಚೆ ಗಡದ್ದಾಗಿ ನೀರು ಹಾಯಿಸಿಬಿಡುತ್ತಾರೆ. ಕಾಯಿ ಉಬ್ಬಿ ಮಿರಮಿರ ಮಿಂಚುತ್ತದೆ, ಹರಿದು ಚೀಲ ತುಂಬಿದ ನಾಲ್ಕೇ ದಿನಕ್ಕೆ ಮೆತ್ತಗಾಗುತ್ತದೆ. ಮೇಲಿನ ಮಣ್ಣು ಬಿಸಿಲಿಗೆ ಒಣಗಿರುವುದರಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಬಂದಗಿಸಾಬ ಬದುವಿನ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹೆಬ್ಬೆರಳನ್ನು ಮಣ್ಣಿಗೊತ್ತಿ ಸುಮ್ಮನೆ ನಿಲ್ಲುತ್ತಿದ್ದ. ಕೆಳಗಿನ ತಂಪು ಬೆರಳಿಗೆ ಹತ್ತಿತೆಂದರೆ ಮುಗಿಯಿತು.

“ಗೌಡ್ರ, ಸೋಮವಾರ ನೀರು ಬಿಟ್ಟೀರಿ. ಖರೇ ಹೇಳ್ರಿ” ಎನ್ನುತ್ತಿದ್ದ.

ಮಾಲೀಕ ಮೊದಲು ಆಣೆ ಮಾಡುತ್ತಿದ್ದ, ಆಮೇಲೆ ನಗುತ್ತಿದ್ದ, ಆಮೇಲೆ ಚಹಾ ತರಿಸುತ್ತಿದ್ದ. ಈ ಕಥೆಗಳನ್ನು ಅವನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಪ್ರತಿ ಸಲವೂ ವಾರ ಬದಲಾಗುತ್ತಿತ್ತು, ಹೆಬ್ಬೆರಳು ಮಾತ್ರ ಅದೇ.

ಸಕ್ಕರೆ ಕಾಯಿಲೆ ಬಂದು ಅವನ ಎರಡೂ ಕಾಲಿಗೆ ಜೋಮು ಹಿಡಿಯಿತು. ಜೋಮು ಎಂದರೆ ನಮಗೆಲ್ಲ ಕೂತು ಏಳುವಾಗ ಬಂದು ಹೋಗುವುದು. ಅವನಿಗೆ ಬಂದದ್ದು ಹೋಗಲಿಲ್ಲ. ಎರಡು ವರ್ಷ ಅದನ್ನು ಯಾರಿಗೂ ಹೇಳಲಿಲ್ಲ ಪುಣ್ಯಾತ್ಮ. ಮೊದಲಿನಂತೆಯೇ ಚಪ್ಪಲಿ ಬಿಡುವುದು, ಹೆಬ್ಬೆರಳು ಒತ್ತುವುದು, ಬಾಯಿಗೆ ಬಂದ ವಾರ ಹೇಳುವುದು. ಸಿಂದಗಿ ರಸ್ತೆಯ ಬಸಂತರಾಯರ ತೋಟದಲ್ಲಿ ಅದು ಬಯಲಾಯಿತು. ನೆಲ ಒಣಗಿದೆ ಎಂದು ಬಂದಗಿಸಾಬ ಹೇಳಿದ, ಸರ್ಫರಾಜ ಹಿಡಿದ, ಅರ್ಧಕ್ಕರ್ಧ ಕಾಯಿ ದಾರಿಯಲ್ಲೇ ಕೊಳೆಯಿತು. ಸರ್ಫರಾಜ ಒಂದು ಮಾತೂ ಅನ್ನಲಿಲ್ಲ. ಮುಂದಿನ ತೋಟಕ್ಕೆ ಕರೆಯಲಿಲ್ಲ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದು ಬಂದಗಿಸಾಬ ನನ್ನ ಮುಂದೆ ಅಂದಿದ್ದ. ಯಾಕೆ ಕರೆಯಲಿಲ್ಲ ಎಂಬುದನ್ನು ಮಾತ್ರ ನುಂಗಿಕೊಂಡಿದ್ದ.

ಅದಾದ ಮೇಲೆ ಒಂದು ದಿನ ಅವನ ಹೆಂಡತಿ ಗೌಸಬಿ ಆಗಷ್ಟೇ ಒರೆಸಿದ ನೆಲದ ಮೇಲೆ ಕೆಂಪು ಹೆಜ್ಜೆ ಬಿದ್ದದ್ದು ನೋಡಿದಳು. ಹಿಮ್ಮಡಿಯಲ್ಲಿ ಲಿಂಬೆಯ ಮುಳ್ಳು ಮುರಿದು ಎರಡು ದಿನವಾಗಿತ್ತಂತೆ, ಇವನಿಗೆ ಖಬರೇ ಇಲ್ಲ. ಡಾಕ್ಟರು ಮುಳ್ಳು ತೆಗೆದು ಸ್ಪಷ್ಟವಾಗಿ ಹೇಳಿದರು: ಬರಿಗಾಲಲ್ಲಿ ಮನೆಯೊಳಗೂ ನಡೆಯಬಾರದು. ಮುಂಜಾನೆ ಅರ್ಧ ತಾಸು ಬಯಲಲ್ಲಿ ಅಡ್ಡಾಡಬೇಕು. ಬೆರಳು ಮುಚ್ಚುವ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಬೇಕು. ಇನ್ನೊಂದು ಗಾಯವಾದರೆ ಬೆರಳು ಹೋಗುತ್ತದೆ, ಬೆರಳಿಗೇ ನಿಲ್ಲುತ್ತದೆ ಎಂದು ಹೇಳಲಾಗುವುದಿಲ್ಲ.

ಹೀಗೆ ಈ ವರ್ಷ ಯುಗಾದಿಯ ಮುಂಚೆ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದ. ಅಂಗಿಯ ಜೇಬಿನಿಂದ ಕಸಬರಿಗೆಯ ಕಡ್ಡಿಯೊಂದನ್ನು ತೆಗೆದು ನನ್ನ ಕೈಗೆ ಕೊಟ್ಟ. ನಮ್ಮ ಕಡೆ ಇದು ಹೊಸದಲ್ಲ. ಹಿಮ್ಮಡಿಯಿಂದ ಬೆರಳ ತುದಿಯ ತನಕ ಕಡ್ಡಿ ಇಟ್ಟು ಮುರಿದು, ಅದನ್ನೇ ಪೇಟೆಗೆ ಕಳಿಸುತ್ತಾರೆ. ನನ್ನ ಅಂಗಡಿಗೆ ಮನುಷ್ಯರಷ್ಟೇ ಕಡ್ಡಿಗಳೂ ಬರುತ್ತವೆ.

“ಕಾಲು ಸಂಗಾಟ ಐತಲ್ರಿ ಕಾಕಾ, ಕಡ್ಡಿ ಯಾಕ?” ಎಂದೆ.

“ನಿಮ್ಮ ಕಾಕೂಂದು ಹುಕುಂ. ಸಂಜೀಮುಂದ ಅಳದಾಳ. ಹೊತ್ತು ಮುಳಗೂಮುಂದ ಕಾಲು ಬಾತಿರ್ತೈತಂತ. ಹಾಕ್ಕೊಂಡು ನೋಡೂದ ಬ್ಯಾಡ, ಕಡ್ಡಿ ಇಟ್ಟು ತಗೊಂಡು ಬಾ ಅಂದಾಳ.”

“ಕಾಲು ನನ್ನ ಮುಂದ ಇಟ್ಕೊಂಡು ಕಡ್ಡಿ ನೋಡ್ಲೇನ್ರಿ?” ಎಂದು ನಕ್ಕೆ.

ಆ ಹೆಂಗಸಿನ ಬುದ್ಧಿಯ ಕಾಲುಭಾಗ ನನಗಿದ್ದರೆ ಸಾಕಿತ್ತು.

ಬೂಟು ತೋರಿಸಿದೆ, ಬಿಸಿಲಿಗೆ ಕಾಲು ಬೇಯುತ್ತದೆ ಎಂದ. ಬೆರಳು ಕಾಣುವ ಸ್ಯಾಂಡಲ್ ತೆಗೆದೆ, ಮುಳ್ಳು ನೇರ ಒಳಗೆ ಬರುತ್ತದೆ ಎಂದ. ಬಾತ ಕಾಲಿಗೆ ಆಸ್ಪತ್ರೆಯವರು ಹೇಳುವ ನೀಲಿ ರಬ್ಬರಿನದನ್ನು ನೋಡಿ, “ಇದು ಹಾಕ್ಕೊಂಡ್ರ ಮಂದಿ ನನಗ ಹಾಲು ಹಣ್ಣು ತಗೊಂಡು ಮಾತಾಡ್ಸಾಕ ಬರ್ತಾರ” ಎಂದ. ಕೊನೆಗೆ ಮೇಲಿನ ಅಟ್ಟಣಿಗೆಯಿಂದ ಗುಡ್ಡ ಹತ್ತುವವರ ಸ್ಯಾಂಡಲ್ ಇಳಿಸಿದೆ. ದಪ್ಪ ಅಡಿ, ಬೆರಳಿಗೆ ರಬ್ಬರಿನ ಮುಚ್ಚಿಗೆ, ಬದಿಗೆ ಗಾಳಿಯಾಡಲು ಕಿಂಡಿ, ಹಿಂದೊಂದು ಮೇಲೊಂದು ಚರ್ರೆಂದು ಬಿಚ್ಚುವ ಪಟ್ಟಿ.

“ನಮ್ಮ ಇಂಡಿ ಊರಾಗ ಗುಡ್ಡ ಎಲ್ಲೈತೋ ಶ್ರೀಶೈಲಾ?” ಎಂದು ನನ್ನನ್ನೇ ಕೇಳಿದ.

“ನೀವೇನ್ ಗುಡ್ಡ ಹತ್ತಬ್ಯಾಡ್ರಿ. ಸುಮ್ನ ಅಡ್ಡಾಡ್ರಿ, ಸಾಕು.”

ಕಡ್ಡಿಗೆ ಸರಿಯಾಗಿ ಒಂಬತ್ತನೇ ನಂಬರು ಬಂತು. ಹಾಕಿಸಿದೆ. ನಾಲ್ಕು ಹೆಜ್ಜೆ ನಡೆದ. ರೂಢಿಯಂತೆ, “ಕಾಲಿಗೆ ಹೆಂಗ ಅನಸ್ತೈತ್ರಿ?” ಎಂದೆ. ಅವನ ಮುಖದಲ್ಲಿ ಏನೂ ಇರಲಿಲ್ಲ.

“ಏನೂ ಅನಸವಲ್ದು. ಹಾಕ್ಕೊಂಡಂಗs ಇಲ್ಲ. ಒಂದು ನಂಬರ್ ಸಣ್ಣದು ಕೊಡು.”

ಎಂಟು ಕೊಟ್ಟೆ. ಪಟ್ಟಿ ಎಳೆದು ಬಿಗಿದು ಎದ್ದು ನಿಂತ. ಒಂದು ಹೆಜ್ಜೆ ಇಟ್ಟವನು ಅಲ್ಲೇ ನಿಂತುಬಿಟ್ಟ. ನಂತರ ಬಲಗಾಲನ್ನು ನೆಲಕ್ಕೆ ಒತ್ತಿದ, ಇನ್ನೊಮ್ಮೆ ಒತ್ತಿದ.

“ಹಿಡದೈತಿ” ಎಂದ. “ತಮ್ಮಾ, ಹೆಬ್ಬಟ್ಟು ಹಿಡದೈತಿ. ಗೊತ್ತಾಗಾಕತ್ತೈತಿ ನನಗ!”

ಆಗಲೇ ಅವನು ಎರಡು ವರ್ಷದ ಜೋಮಿನ ಕಥೆ, ಬಸಂತರಾಯರ ತೋಟದ ಕಥೆ, ಮುಳ್ಳಿನ ಕಥೆ, ಡಾಕ್ಟರ ಮಾತು ಎಲ್ಲ ಹೇಳಿದ್ದು. ಹೇಳುತ್ತ ಹೇಳುತ್ತ ಕಣ್ಣು ಒದ್ದೆಯಾದವು. ಅರವತ್ತೆರಡು ವರ್ಷದ ಮನುಷ್ಯ ನನ್ನ ಅಂಗಡಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಹೊಸ ಬಟ್ಟೆ ಹಾಕಿದ ಮಗುವಿನ ಹಾಗೆ ಅಡ್ಡಾಡಿದ. ನನಗೂ ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಇಂಥ ಚಪ್ಪಲಿ ಮಾರಿದೆನಲ್ಲ ಎಂದು ಹೆಮ್ಮೆಯೂ ಆಯಿತು.

ಆದರೂ ಕೈ ಸುಮ್ಮನಿರಲಿಲ್ಲ. ಬಿಚ್ಚಿಸಿ ಒಳಗೆ ಕಡ್ಡಿ ಇಟ್ಟೆ. ಒಂದು ಉಗುರಿನಷ್ಟು ಹೆಚ್ಚಾಗಿ ಬಾಗಿ ನಿಂತಿತು. “ಕಾಕಾ, ಇದು ಬಿಗಿ ಆಗ್ತೈತ್ರಿ. ಒಂಬತ್ತs ತಗೊಳ್ರಿ” ಎಂದೆ.

ಬಂದಗಿಸಾಬ ನನ್ನ ಕೈಯಿಂದ ಕಡ್ಡಿ ಕಸಿದು, ತುದಿಯನ್ನು ಉಗುರಿನಷ್ಟು ಚಟ್ಟನೆ ಮುರಿದು, ಮತ್ತೆ ಒಳಗಿಟ್ಟ. ಸರಿಯಾಗಿ ಕೂತಿತು. “ಈಗ ಬರೋಬ್ಬರಿ ಆತಿಲ್ಲೋ? ನಿಮ್ಮ ಕಾಕೂಗ ಹೇಳಬ್ಯಾಡ ಮತ್ತ” ಎಂದು ಕಣ್ಣು ಹೊಡೆದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆ ನಗು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮರುದಿನದಿಂದ ಮುಂಜಾನೆ ನಾನು ಅಂಗಡಿ ತೆಗೆಯುವ ಹೊತ್ತಿಗೆ ಅವನು ನಡಿಗೆ ಮುಗಿಸಿ ಬರುತ್ತಿದ್ದ. ನೆಲಕ್ಕೆ ಕಾಲು ಒತ್ತಿ, “ಹಿಡದೈತಿ ನೋಡು” ಎಂದು ಹೋಗುತ್ತಿದ್ದ. ಅರ್ಧ ತಾಸಿನ ನಡಿಗೆ ಒಂದು ತಾಸಾಯಿತು. ಅಷ್ಟಕ್ಕೇ ಬಿಟ್ಟನೇ? ಸರ್ಫರಾಜನ ಹತ್ತಿರ ಹೋಗಿ, ಕಾಲು ಸರಿಯಾಗಿದೆ, ಒಂದೇ ಒಂದು ತೋಟ ಕೊಡು ಎಂದು ಗಂಟುಬಿದ್ದ. ಸರ್ಫರಾಜ ಹಳೆಯ ಮನುಷ್ಯನೆಂದು ಮಸೂತಿ ಎಂಬ ಊರಿನ ಕಡೆಯ ಒಂದು ಸಣ್ಣ ತೋಟಕ್ಕೆ ಕಳಿಸಿದ. ಬಂದಗಿಸಾಬ ಮುಂಜಾನೆಯಿಂದ ಸಂಜೆಯ ತನಕ ಸ್ಯಾಂಡಲ್ ಬಿಚ್ಚದೆ ಎರೆಮಣ್ಣಿನಲ್ಲಿ ಅಡ್ಡಾಡಿ ಬಂದ.

ಗೌಸಬಿ ಡಾಕ್ಟರು ಹೇಳಿದಂತೆ ದಿನಾ ಸಂಜೆ ಅವನ ಕಾಲು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಮುಳ್ಳಿನ ಹೆದರಿಕೆಯಿಂದ ಅಂಗಾಲು, ಹಿಮ್ಮಡಿ ಎಲ್ಲ ತಡವುತ್ತಿದ್ದಳು. ಅಂದು ಹೆಬ್ಬೆರಳಿನ ತುದಿ ಕಪ್ಪಗಿತ್ತು. ಎರೆಮಣ್ಣು ಉಗುರಿನ ಸಂದಿಯಲ್ಲಿ ಹೊಕ್ಕಿದೆ ಎಂದುಕೊಂಡು ಬಿಸಿನೀರಲ್ಲಿ ತೊಳೆದಳು. ಎರೆಮಣ್ಣು ಒಂದೇ ಸಲಕ್ಕೆ ಬಿಡುವ ಜಾತಿಯಲ್ಲ ಎಂದು ನಮಗೆಲ್ಲ ಗೊತ್ತು. ಎರಡನೇ ದಿನವೂ ಸಾಬೂನು ಹಚ್ಚಿ ತಿಕ್ಕಿದಳು. ಅವನು ನೋವೆನ್ನಲಿಲ್ಲ. ಮೂರನೇ ದಿನ ತಿಕ್ಕುವಾಗ ಮಣ್ಣಿನ ಬದಲು ಚರ್ಮವೇ ಆಕೆಯ ಕೈಗೆ ಬಂತು.

ವಿಜಯಪುರದ ಆಸ್ಪತ್ರೆಗೆ ನಾನೂ ಹೋದೆ. ಮಂಚದ ಕೆಳಗೆ ಸ್ಯಾಂಡಲ್ ಇತ್ತು. ಅಲ್ಲಿನ ಡಾಕ್ಟರು ಅದನ್ನು ಎತ್ತಿ ನೋಡಿ, “ಇದನ್ನ ಆರಿಸಿದವ್ರು ಯಾರು?” ಎಂದು ಕೇಳಿದರು. “ನಾನು” ಎಂದೆ.

“ಜೋಮು ಹಿಡದ ಕಾಲಿಗೆ ಬರೋಬ್ಬರಿ ಆದ ಚಪ್ಪಲಿ ಗೊತ್ತಾಗಂಗಿಲ್ರಿ. ಚರ್ಮ ಹಿಂಡೂ ಅಷ್ಟು ಬಿಗಿ ಆದ್ರ ಮಾತ್ರ ಗೊತ್ತಾಗ್ತೈತಿ. ಅಳತಿ ನಂಬಬೇಕಾಗಿತ್ತು. ಇವ್ರ ಕಾಲಿನ ಮಾತು ಯಾಕ ಕೇಳಿದ್ರಿ?”

ನನಗೆ ಸಿಟ್ಟು ನೆತ್ತಿಗೇರಿತು. ಮೊದಲೇ ಯಾರೂ ಇದನ್ನು ಹೇಳಲಿಲ್ಲವಲ್ಲ ಎಂದು ಕೂಗಬೇಕೆಂದು ಬಾಯಿ ತೆರೆದೆ. ಮೊದಲೇ ಹೇಳಿದವಳು ಗೋಡೆಗೆ ಒರಗಿ ಕೂತಿದ್ದಳು. ಕಡ್ಡಿ ಕಳಿಸಿದ್ದಳಲ್ಲ. ಹೆಬ್ಬೆರಳು, ಅದರ ಪಕ್ಕದ್ದು, ಎರಡನ್ನೂ ಬುಡಸಹಿತ ತೆಗೆದರು. ಎಡಗಾಲೂ ಇದೇ ಹಾದಿ ಹಿಡಿದಿದೆ, ಎಷ್ಟು ದಿನ ಎಂದು ಹೇಳಲಾರೆವು ಎಂದರು.

ಎರಡು ತಿಂಗಳು ನಾನು ಅವರ ಓಣಿಯ ಕಡೆ ಹಾಯಲಿಲ್ಲ. ಮೊನ್ನೆ ಶ್ರಾವಣದಲ್ಲಿ ಗೌಸಬಿಯೇ ಅಂಗಡಿಗೆ ಬಂದಳು. ಬೈಯುತ್ತಾಳೆಂದು ಎದ್ದು ನಿಂತೆ. ಸೆರಗಿನ ಗಂಟು ಬಿಚ್ಚಿ ಎರಡು ಕಡ್ಡಿ ತೆಗೆದಳು, ಒಂದು ಉದ್ದ, ಒಂದು ಗಿಡ್ಡ. ಗಿಡ್ಡದಕ್ಕೆ ಕೆಂಪು ದಾರ ಸುತ್ತಿದ್ದಳು.

“ದಾರ ಇದ್ದದ್ದು ಬಲಗಾಲಿಂದು. ಗಾಯ ಒಣಗೈತಿ, ಒಂದೀಟು ಅಡ್ಡಾಡಸ್ರಿ ಅಂದಾರ ಡಾಕ್ಟರ್. ಮೊದಲಿನಂಗ ಬೆರಳು ಮುಚ್ಚೂದs ಕೊಡ್ರಿ” ಎಂದಳು. ಕಡ್ಡಿ ನನ್ನ ಕೈಗಿಟ್ಟು, “ಈ ಸಲ ಮುರೀಬ್ಯಾಡ್ರಿ ಶ್ರೀಶೈಲಪ್ಪ” ಎಂದಳು.

ಅವನು ಹೇಳಿದ್ದನೋ, ಆಕೆಯೇ ಕಂಡುಹಿಡಿದಳೋ, ಕೇಳುವ ಧೈರ್ಯ ನನಗಾಗಲಿಲ್ಲ. ಅಟ್ಟಣಿಗೆಯಿಂದ ಎರಡು ಡಬ್ಬಿ ಇಳಿಸಿ, ಒಂದರಿಂದ ಎಡಗಾಲಿನ ಒಂಬತ್ತು, ಇನ್ನೊಂದರಿಂದ ಬಲಗಾಲಿನ ಏಳು ತೆಗೆದು ಜೋಡಿ ಮಾಡಿದೆ. ಕಡ್ಡಿ ಇಟ್ಟು ಮೂರು ಸಲ ನೋಡಿದೆ. ಆಕೆಯ ಕೈಗೆ ಕೊಡದೆ ನಾನೇ ಹಿಡಿದುಕೊಂಡು ಆಕೆಯ ಹಿಂದೆ ಮನೆಗೆ ಹೋದೆ.

ಬಂದಗಿಸಾಬ ಬಾಗಿಲ ಬಳಿ ಹೊರಸಿನ ಮೇಲೆ ಕೂತಿದ್ದ. ಸೊರಗಿದ್ದ. ಸರ್ಫರಾಜ ಕಳಿಸಿದ ಲಿಂಬೆಕಾಯಿ ಬುಟ್ಟಿಯಲ್ಲಿ ಹಾಗೆಯೇ ಒಣಗುತ್ತಿದ್ದವು. ನನ್ನನ್ನು ನೋಡಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನಾನು ನೆಲದ ಮೇಲೆ ಕೂತು ಎರಡೂ ಕಾಲಿಗೆ ಸ್ಯಾಂಡಲ್ ಹಾಕಿ ಪಟ್ಟಿ ಕಟ್ಟಿದೆ. ಗೌಸಬಿ ಒಂದು ರಟ್ಟೆ, ನಾನೊಂದು ರಟ್ಟೆ ಹಿಡಿದು ಎಬ್ಬಿಸಿದೆವು. ಹೊಸ್ತಿಲ ತನಕ ನಾಲ್ಕು ಹೆಜ್ಜೆ ಎಳೆದುಕೊಂಡು ಬಂದ. ಹೊರಗೆ ಓಣಿಯಲ್ಲಿ ಆಗಷ್ಟೇ ಮಳೆ ಬಂದು ನಿಂತ ಹಸಿ ಮಣ್ಣಿತ್ತು.

ಇಪ್ಪತ್ತಾರು ವರ್ಷದ ಹಾಳು ರೂಢಿ, ಬಾಯಿಂದ ಬಂದೇಬಿಟ್ಟಿತು. “ಕಾಲಿಗೆ ಹೆಂಗ ಅನಸ್ತೈತ್ರಿ ಕಾಕಾ?”

ಅವನು ಹಸಿ ಮಣ್ಣನ್ನು ನೋಡುತ್ತ ನಿಂತ.

“ನನಗ್ಯಾಕ ಕೇಳ್ತಿ ತಮ್ಮಾ” ಎಂದ. “ಕಡ್ಡಿಗೆ ಕೇಳು.”