ಮಿಂಚಕ್ಕ ನಿಧಾನವಾದ ದಿನ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವಳನ್ನು ಎಲ್ಲರೂ ಮಿಂಚಕ್ಕ ಅಂತಲೇ ಕರೆಯುತ್ತಿದ್ದರು. ಕೈ ಅಂದರೆ ಕೈ ಅದು! ಬಟ್ಟೆ ಸೂಜಿಯ ಕೆಳಗೆ ಹೋದದ್ದು ಕಂಡರೆ ಆಚೆ ಬಂದದ್ದು ಕಾಣುತ್ತಿರಲಿಲ್ಲ. "ಕಾಲರ್ ಕೂರಿಸೋರು ಎರಡೇ ಥರ. ನಾನೊಬ್ಳು, ಮಿಕ್ಕವರೆಲ್ಲ ಒಂದು" ಎಂದು ಅವಳೇ ಹೇಳಿಕೊಳ್ಳುವಳು. ಜಂಬವೇ? ಇತ್ತಪ್ಪಾ, ಬೇಕಾದಷ್ಟಿತ್ತು.

ತೊಂದರೆ ಏನೆಂದರೆ, ಅಲ್ಲಿ ಎಲ್ಲರ ಕೆಲಸವನ್ನೂ ಅಳೆಯುತ್ತಿದ್ದದ್ದು ಅವಳ ವೇಗದಿಂದ. ಸಾಹೇಬರು ವರ್ಷಕ್ಕೊಮ್ಮೆ ಗಡಿಯಾರ ಹಿಡಿದು ಅವಳ ಪಕ್ಕ ನಿಲ್ಲುವರು; ಅವಳು ಹೊಲಿದಷ್ಟನ್ನು ಉಳಿದವರೂ ಹೊಲಿಯಬೇಕು. ಆಗದವರಿಗೆ ಈ ಸಲ ಮನೆ ದಾರಿ ಎಂದೂ ಹೇಳಿಬಿಟ್ಟಿದ್ದರು. ಸ್ವಲ್ಪ ನಿಧಾನಿಸಿ ಎಂದು ಕಾರ್ಮಿಕ ಸಂಘದವರು ಕೇಳಿಕೊಂಡರೆ, "ನನ್ನ ಕೈ ಓಡುತ್ತೆ, ನಾನೇನ್ ಮಾಡ್ಲಿ? ಕಟ್ಟಿ ಹಾಕ್ಲಾ?" ಎಂದು ಬಾಯಿ ಮುಚ್ಚಿಸಿದ್ದಳು.

ಸಾಹೇಬರು ಗಡಿಯಾರ ಹಿಡಿದು ಬರುವ ಹಿಂದಿನ ದಿನ ಊಟದ ಹೊತ್ತಿಗೆ ಪಕ್ಕದ ಮಿಷಿನ್ನಿನವಳು ಡಬ್ಬಿಯ ಮುಚ್ಚಳ ತೆಗೆಯಲಾಗದೆ ಒದ್ದಾಡುತ್ತಿದ್ದಳು. ಮಣಿಕಟ್ಟು ಊದಿಕೊಂಡಿತ್ತು.

"ಕೊಡೇ ಇಲ್ಲಿ. ಯಾವಾಗಿಂದ ಹೀಗೆ?" ಎಂದು ಮಿಂಚಕ್ಕ ಡಬ್ಬಿ ಕಸಿದುಕೊಂಡಳು.

"ಹೋದ ವರ್ಷ ನಿಮ್ಮ ಸಮಕ್ಕೆ ಹೊಲಿಯೋಕೆ ಒದ್ದಾಡಿದ್ನಲ್ಲಾ, ಆವಾಗಿಂದ. ನಾಳೆ ನೀವು ಇನ್ನೂ ಜೋರಾದ್ರೆ ನನ್ನ ಕತೆ ಮುಗೀತು ಅಕ್ಕಾ," ಎಂದಳು, ನಗುತ್ತಲೇ.

ಮಿಂಚಕ್ಕ ಮುಚ್ಚಳ ತೆಗೆದು ಡಬ್ಬಿಯನ್ನು ಅವಳ ಮುಂದಿಟ್ಟಳು. ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಹಾಕ, ಅನ್ನಿಸಿತು.

ಮರುದಿನ ಸಾಹೇಬರು ಬಂದು ನಿಂತರು. ನಿಧಾನವಾಗಿ ಹೊಲಿಯುವುದು ಸುಲಭವೇ? ಆ ಕೈಗೆ ಗೊತ್ತಿದ್ದರೆ ತಾನೆ! ಬೇಡ ಬೇಡ ಅಂದರೂ ಕಾಲು ಪೆಡಲ್ ಒತ್ತುತ್ತಿತ್ತು. ಬೇಕೆಂದೇ ದಾರ ಕಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಪೋಣಿಸಿಯೂ ಬಿಟ್ಟಳು, ಹಾಳು ಅಭ್ಯಾಸ. ಸುಳ್ಳುಸುಳ್ಳೇ ಸೀನಿದಳು. ನೀರು ಕುಡಿದಳು. ಕೊನೆಗೆ ಕಾಲರನ್ನು ತಲೆಕೆಳಗಾಗಿ ಕೂರಿಸಿ, "ಅಯ್ಯಯ್ಯೋ!" ಎಂದು ಒಂದೊಂದೇ ಹೊಲಿಗೆ ಬಿಚ್ಚುತ್ತ ಕೂತಳು. ಸಾಲಿನ ಹೆಂಗಸರೆಲ್ಲ ನಗು ತಡೆಯಲಾರದೆ ಅಂಗಿಗಳಲ್ಲಿ ಮುಖ ಮುಚ್ಚಿಕೊಂಡರು.

"ಏನಮ್ಮಾ ಇದು? ನಿನ್ನಂಥ ಕೈ ಇನ್ನೊಂದಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೀನಿ," ಎಂದರು ಸಾಹೇಬರು.

ಒಂದೇ ಒಂದು ಕಾಲರ್ ಹೊಲಿದು ತೋರಿಸಿಬಿಡಲೇ ಎಂದು ಅವಳ ಬೆರಳು ತುಡಿಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಕೂತುಬಿಟ್ಟಳು.

"ವಯಸ್ಸಾಯ್ತು ಸಾರ್," ಎಂದಳು. "ಇನ್ನು ನನ್ನ ಕೈಲಾಗೋದು ಇಷ್ಟೇ. ಎಲ್ಲರಿಗೂ ಇದನ್ನೇ ಇಡಿ."

ಸಾಹೇಬರು ಗೊಣಗುತ್ತ ಅಷ್ಟನ್ನೇ ಬರೆದುಕೊಂಡು ಹೋದರು. ಪಕ್ಕದವಳು ಎದ್ದು ಬಂದು ಅಪ್ಪಿಕೊಂಡಾಗಲೂ ಮಿಂಚಕ್ಕ ತೊಡೆಯ ಕೆಳಗಿನಿಂದ ಕೈ ತೆಗೆದಿರಲಿಲ್ಲ.