ಪಕ್ಕದ ಸೀಟಿನ ಬ್ರೇಕು

ನಮ್ಮ ಡ್ರೈವಿಂಗ್ ಶಾಲೆಯ ಟೀಚರಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ದೂರು. ಇರದೆ ಇನ್ನೇನು ಮತ್ತೆ! ಮಕ್ಕಳನ್ನು ಗೇಟಿನಲ್ಲಿ ಇಳಿಸಿ, 'ಬೇಗ ಕಲಿಸಿಬಿಡಿ' ಎಂದು ಕೈ ಬೀಸಿ ಹೋಗುವ ಅಪ್ಪ ಅಮ್ಮಂದಿರನ್ನು ದಿನಾ ನೋಡಿ ನೋಡಿ ನನಗೇ ಮೈ ಉರಿಯುತ್ತದೆ. ನಾನಾದರೋ ಇಲ್ಲಿನ ಮೆಕ್ಯಾನಿಕ್ಕು, ಬೈಯುವ ಅಧಿಕಾರ ನನಗಿಲ್ಲ. ಆ ಕೆಲಸವನ್ನು ಟೀಚರಮ್ಮನೇ ಚೆನ್ನಾಗಿ ಮಾಡುತ್ತಾರೆ.

ಕಲಿಸುವ ಕಾರಿನಲ್ಲಿ ಎರಡು ಬ್ರೇಕು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ಟೀಚರಮ್ಮನ ಕಾಲಿಗೆ. ಪೆಡಲಿನ ರಬ್ಬರು ಬದಲಿಸುವವನು ನಾನು. ಟೀಚರಮ್ಮನ ಕಡೆಯದು ಸವೆದು ನುಣ್ಣಗಾಗಿರುತ್ತದೆ, ಹುಡುಗರ ಕಡೆಯದು ಅಂಗಡಿಯಿಂದ ತಂದ ಹಾಗೇ ಇರುತ್ತದೆ. ಅಂದಮೇಲೆ ಕಾರು ನಿಲ್ಲಿಸುತ್ತಿರುವವರು ಯಾರು? ಅದಕ್ಕೇ ಅವರದೊಂದು ಕಟ್ಟುನಿಟ್ಟು: ಟೆಸ್ಟಿಗೆ ಕಳಿಸುವ ಮುಂಚೆ ಹುಡುಗನ ಮನೆಯ ಹಿರಿಯರೊಬ್ಬರು ಬಂದು ಟೀಚರಮ್ಮನ ಸೀಟಿನಲ್ಲಿ ಕೂರಬೇಕು, ಟೀಚರಮ್ಮ ಹಿಂದಿನ ಸೀಟಿನಲ್ಲಿ. ಗೋದಾಮಿನ ಹಿಂದಿನ ಖಾಲಿ ದಾರಿಯಲ್ಲಿ ಒಂದು ಸುತ್ತು. ಮೂಲೆಯಲ್ಲಿ ನಾನು ಮರೆಯಾಗಿ ನಿಂತು, ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಕಾರಿನ ಮುಂದಕ್ಕೆ ತಳ್ಳಬೇಕು. ಯಾರಿಗೂ ಮೊದಲೇ ಹೇಳುವಂತಿಲ್ಲ.

ಸೋಫಾ ಅಂಗಡಿಯ ಯಜಮಾನರು ಬಂದದ್ದೇ ಜಗಳಕ್ಕೆ.

"ಏನಮ್ಮಾ ಇದು? ಕಲಿಸೋದು ನಿಮ್ಮ ಕೆಲಸ, ನಾನ್ಯಾಕೆ ಬಂದು ಕೂರಬೇಕು? ಕಾರು ಓಡಿಸೋದು ನನ್ನ ಮಗನಿಗೆ ನೀರು ಕುಡಿದಷ್ಟು ಸಲೀಸು. ನಾಳೆ ಟೆಸ್ಟ್ ಮುಗೀಲಿ, ತಂಗೀನ ಸ್ಕೂಲಿಗೆ ಬಿಡೋದೆಲ್ಲ ಇನ್ನು ಅವನೇ. ಮನೆ ಕಾರಿನ ಕೀನೂ ಕೊಟ್ಟಾಗಿದೆ."

"ತಂಗಿ ಎಷ್ಟನೇ ಕ್ಲಾಸು?"

"ಮೂರು."

ಟೀಚರಮ್ಮನ ಮುಖ ಕೆಂಪಾಯಿತು. "ಮೊದಲು ಹತ್ತಿ ಯಜಮಾನ್ರೇ, ಕೀ ಮಾತು ಆಮೇಲೆ. ಕಾಲು ಇಲ್ಲಿಡಿ, ಇದು ಬ್ರೇಕು. ಏನಾದ್ರೂ ಅಡ್ಡ ಬಂದ್ರೆ, ಅವನು ನಿಲ್ಲಿಸದಿದ್ರೆ, ನೀವು ಒತ್ತಿ."

ನಾನು ಹೋಗಿ ಮೂಲೆಯಲ್ಲಿ ನಿಂತೆ. ಕಾರು ಬಂತು. ಕಿಟಕಿ ಇಳಿಸಿತ್ತು, ಯಜಮಾನರ ಗಂಟಲು ದೂರದಿಂದಲೇ ಕೇಳುತ್ತಿತ್ತು. "ಕಂದು ಬಣ್ಣದ್ದಲ್ಲ ಕಣಯ್ಯಾ, ಬೂದು ಬಣ್ಣದ್ದು ಕಳಿಸು ಅಂದೆ!" ಫೋನು ಕಿವಿಯಲ್ಲಿ. ಇಲ್ಲೂ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪೆಟ್ಟಿಗೆಯನ್ನು ತಳ್ಳಿದೆ.

ಧಡ್! ಪೆಟ್ಟಿಗೆ ಬಂಪರಿನ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಯಿತು. ಆಮೇಲೆ ಕಾರು ನಿಂತಿತು. ನಿಲ್ಲಿಸಿದ್ದು ಹಿಂದಿನ ಸೀಟಿನಿಂದ ಬಗ್ಗಿ ಹ್ಯಾಂಡ್‌ಬ್ರೇಕು ಎಳೆದ ಟೀಚರಮ್ಮ.

"ಯಾಕೋ ಬ್ರೇಕ್ ಹಾಕ್ಲಿಲ್ಲ? ಕಣ್ಣು ಕಾಣಿಸಲ್ವಾ?" ಯಜಮಾನರು ಮಗನ ಮೇಲೆ ಕೈ ಎತ್ತಿದರು.

ಹುಡುಗ ಬಿಳಿಚಿಕೊಂಡಿದ್ದ. "ಕಾಣಿಸ್ತು ಅಪ್ಪ. ನೀವು ಒತ್ತುತ್ತೀರಿ ಅಂದ್ಕೊಂಡೆ. ದಿನಾ ಟೀಚರೇ ಒತ್ತೋರು."

ಎತ್ತಿದ ಕೈ ಅಲ್ಲೇ ನಿಂತಿತು. ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಲೇ ಇದ್ದರು.

ಟೀಚರಮ್ಮ ಇಳಿದರು. ಪೆಟ್ಟಿಗೆಯನ್ನು ಚಕ್ರದಡಿಯಿಂದ ಎಳೆದು ಯಜಮಾನರ ಕಿಟಕಿಗೆ ಹಿಡಿದರು.

"ನಿಮ್ಮ ಮನೆ ಕಾರಲ್ಲಿ ಈ ಕಡೆ ಬ್ರೇಕೇ ಇಲ್ಲ ಸ್ವಾಮಿ! ಅಲ್ಲಿ ಕೂರೋದು ನಿಮ್ಮ ಮಗಳು. ಅವಳು ಏನು ಒತ್ತಬೇಕು? ನಾನು ಇವನ ಜೊತೆ ಇರೋದು ದಿನಕ್ಕೊಂದಿಷ್ಟು ಹೊತ್ತು. ಮಿಕ್ಕಿದ್ದನ್ನ ಪಕ್ಕದಲ್ಲಿ ಕೂತು ನೀವೇ ಕಲಿಸ್ಬೇಕು. ಸೋಫಾ ಮಾರ್ಕೊಂಡು ಅಲ್ಲ!"

ಯಜಮಾನರು ಫೋನು ಆರಿಸಿ, ಅಷ್ಟರಲ್ಲಿ ಕಿಟಕಿಯ ಬಳಿ ಬಂದಿದ್ದ ನನ್ನ ಕೈಗೆ ಕೊಟ್ಟರು. ಮಗನ ಮುಂದೆ ಅಂಗೈ ಚಾಚಿ ಮನೆ ಕಾರಿನ ಕೀ ವಾಪಸ್ ಇಸಿದುಕೊಂಡರು. ಆಮೇಲೆ ಈ ಸಲ ಮಗನೇ ಒತ್ತಲಿ ಎಂಬಂತೆ ಕಾಲನ್ನು ಬ್ರೇಕಿನ ಪಕ್ಕಕ್ಕೆ ಸರಿಸಿಟ್ಟುಕೊಂಡು, ನನ್ನತ್ತ ತಿರುಗದೆಯೇ, "ಇನ್ನೊಂದು ಪೆಟ್ಟಿಗೆ ಇದ್ಯೇನಪ್ಪಾ?" ಎಂದರು.

ಇತ್ತು. ತರಲು ಹೋದೆ. ಆದರೂ ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಒಂದು ಪೆಟ್ಟಿಗೆ ಅಪ್ಪಚ್ಚಿಯಾಗುವವರೆಗೆ ಕಾಯಬೇಕಿತ್ತೇ ಈ ಮನುಷ್ಯ?