ನೀರು ಕುದಿಯುವ ಮೊದಲು

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು: ಲಾಂಡ್ರಿಯ ಬಾಯ್ಲರಿಗೆ ಉರಿ ಹಚ್ಚುವುದು; ಒಣಗಿದ ಹಾಸುಬಟ್ಟೆಗಳನ್ನು ಮಡಿಸಿ, ಮೂಲೆಯ ಗುರುತು ನೋಡಿ ಗಂಟು ಕಟ್ಟುವುದು; ಹಾಲು ಕಾಯಿಸುವುದು; ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವುದು; ಗಂಡನಿಗೂ ಮೈದುನನಿಗೂ ಊಟದ ಡಬ್ಬಿ ತುಂಬುವುದು; ಮೈದುನನ ಒಂಟಿ ಕಾಲುಚೀಲಕ್ಕೆ ಜೊತೆ ಹುಡುಕುವುದು; ಆಮೇಲೆ ಷೆಡ್ಡಿನ ಬಾಗಿಲು ತೆಗೆದು, ಇಟಲಿಯ ಆ ಪುಟ್ಟ ಹಳೇ ಕಾರನ್ನು ಚಾಲೂ ಮಾಡಿ, ಗುಡ್ಡದ ತುದಿಯ ಅತಿಥಿಗೃಹಕ್ಕೆ ಗಂಟು ಮುಟ್ಟಿಸಿ ಬರುವುದು.

ಕೊನೆಯದನ್ನು ಮನೆಯಲ್ಲಿ ಯಾರೂ ಕೆಲಸವೆಂದು ಎಣಿಸುತ್ತಿರಲಿಲ್ಲ. ಎಂಜಿನ್ ಪಳಗಿಸುವುದು ಎನ್ನುತ್ತಿದ್ದರು. ಹೊಸದಾಗಿ ಕೊರೆದು ಜೋಡಿಸಿದ ಎಂಜಿನ್ನನ್ನು ಐನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ ಹದಕ್ಕೆ ತರಬೇಕು. ಅಷ್ಟು ತಾಳ್ಮೆಯ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಿಲ್ಲ.

ಕಾರು ಮೊದಲು ಲಾಂಡ್ರಿಯದೇ. ಅತ್ತೆ ಇಪ್ಪತ್ತು ವರ್ಷ ಅದರಲ್ಲೇ ಬಟ್ಟೆ ಹಂಚಿದವರು. ಅದನ್ನು ‘ಮೊಟ್ಟೆ’ ಎಂದೇ ಕರೆಯುತ್ತಿದ್ದರು. ಸೊಸೆಗೆ ಕಲಿಸಿದ್ದೂ ಅವರೇ. ಅದರ ಗೇರು ಹಳೇ ಕಾಲದ್ದು. ಒಂದೊಂದು ಸಲ ಬದಲಿಸುವಾಗಲೂ ಕ್ಲಚ್ಚನ್ನು ಎರಡೆರಡು ಬಾರಿ ತುಳಿಯಬೇಕು, ನಡುವೆ ಎಂಜಿನ್ನಿನ ದನಿ ಸರಿಯಾದ ಎತ್ತರಕ್ಕೆ ಬರುವ ತನಕ ಕಾಯಬೇಕು. “ಕಣ್ಣಲ್ಲಿ ಹುಡುಕ್ಬೇಡ್ವೇ, ಕಿವೀಲಿ ಹುಡುಕು,” ಎನ್ನುತ್ತಿದ್ದರು ಅತ್ತೆ.

ಮಂಡಿ ಕೈಕೊಟ್ಟ ಮೇಲೆ ಅತ್ತೆ ಇಳಿದರು. ಕಾರೂ ಕೆಟ್ಟು, ಹರಿದ ಹಾಸುಬಟ್ಟೆ ಹೊದ್ದು ಒಂಬತ್ತು ವರ್ಷ ಷೆಡ್ಡಿನಲ್ಲಿ ಮಲಗಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, ಅತಿಥಿಗೃಹದ ಗುಡ್ಡ ಹತ್ತುವ ರೇಸಿನಲ್ಲಿ ಓಡಿಸುವುದಕ್ಕೆಂದೇ ತಮ್ಮನನ್ನು ಜೊತೆಗೆ ಹಾಕಿಕೊಂಡು ಅದನ್ನು ಎಬ್ಬಿಸಿದ. ತುಕ್ಕು ಕತ್ತರಿಸಿ ಹೊಸ ತಗಡು ಬಡಿದರು. ದಪ್ಪ ಚಕ್ರಗಳಿಗೆ ಜಾಗವಾಗುವಂತೆ ಮೈಯನ್ನು ಉಬ್ಬಿಸಿದರು. ಒಳಗೆ ಉಕ್ಕಿನ ಕೊಳವೆಯ ಪಂಜರ ಕಟ್ಟಿ, ಹಿಂಬದಿಯ ಎಂಜಿನ್ನಿನ ಮುಚ್ಚಳವನ್ನು ಗಾಳಿಯಾಡಲೆಂದು ಗೇಣುದ್ದ ಎತ್ತಿ ನಿಲ್ಲಿಸಿದರು. ಕೆನೆ ಬಣ್ಣ ಬಳಿದುಕೊಂಡು ಅದು ಹೊರಬಂದ ದಿನ ಅವಳು ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದಳು. ಪಾದದ ಮೇಲೆ ನೀರು ಸೋರುತ್ತಿದ್ದದ್ದೂ ತಿಳಿಯಲಿಲ್ಲ. ಇಷ್ಟು ಚಿಕ್ಕದರೊಳಗೆ ಇಷ್ಟೊಂದು ಸಿಟ್ಟು ಎಲ್ಲಿತ್ತು ಎನಿಸಿತು.

ಅಣ್ಣತಮ್ಮಂದಿರಿಗೆ ಕಾರಿನ ತೂಕ ಇಳಿಸುವ ಹುಚ್ಚು ಹಿಡಿಯಿತು. ಪಕ್ಕದ ಸೀಟು ಕಿತ್ತರು, ಬಾಗಿಲ ಕೀಲುಗಳಿಗೂ ತೂತು ಕೊರೆದರು. ಕಿತ್ತದ್ದನ್ನೆಲ್ಲ ಲಾಂಡ್ರಿಯ ತಕ್ಕಡಿಯಲ್ಲೇ ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಎರಡು ವರ್ಷಕ್ಕೆ ಮೂವತ್ತೊಂದು ಕಿಲೋ ಇಳಿದಿತ್ತು.

“ಅತ್ತಿಗೇ, ಇವತ್ತು ಇನ್ನೂರು ಗ್ರಾಂ ಹಾರಿಸಿದ್ವಿ,” ಎಂದ ಮೈದುನ ಒಂದು ಸಂಜೆ, ಊಟಕ್ಕೆ ಕೂರುತ್ತ.

“ನಿಮ್ಮಣ್ಣ ಎರಡನೇ ಸಲ ಅನ್ನ ಹಾಕಿಸ್ಕೋತಿದಾರೆ ನೋಡು. ಅದು ವಾಪಸ್ ಬಂತು,” ಎಂದಳು ಅವಳು.

ಗಂಡನೂ ನಕ್ಕ, ತಟ್ಟೆ ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಯಾವ ಗಂಟನ್ನಾದರೂ ಒಮ್ಮೆ ಎತ್ತಿದರೆ ತೂಕ ಹೇಳುವ ಕೈ ಅವಳದು. ಅತಿಥಿಗೃಹದ ಗಂಟು ಮೂವತ್ತೈದು ಕಿಲೋ, ಹೆಚ್ಚಲ್ಲ, ಕಡಿಮೆಯಲ್ಲ. ಸೀಟಿದ್ದ ಜಾಗದಲ್ಲಿ ಅದನ್ನು ಕೂರಿಸಿಕೊಂಡು ದಿನಾ ಹತ್ತುತ್ತಿದ್ದಳು. ಅರ್ಧ ದಾರಿಯಲ್ಲಿ ನೀರಿನ ಟ್ಯಾಂಕಿನ ಪಕ್ಕದ ತಿರುವಿಗೆ ಬಂದಾಗ ಮೂರನೇ ಗೇರು ಸೋಲುತ್ತಿತ್ತು, ಎರಡಕ್ಕೆ ಇಳಿಸಬೇಕಾಗುತ್ತಿತ್ತು. ಮೇಲಿದ್ದ ಕಾವಲುಗಾರ ಕೆಳಗೆ ಕಾರಿನ ಸದ್ದು ಕೇಳಿದ ಕೂಡಲೇ ಚಹಾಕ್ಕೆ ನೀರಿಡುತ್ತಿದ್ದ. ಅವಳು ಗೇಟಿಗೆ ಬರುವುದಕ್ಕೂ ನೀರು ಕುದಿಯುವುದಕ್ಕೂ ಸರಿಹೋಗುತ್ತಿತ್ತು.

ರೇಸಿಗೆ ವಾರವಿದ್ದಾಗ ಅತಿಥಿಗೃಹದಿಂದ ಬಟ್ಟೆ ಬರಲಿಲ್ಲ. ಎಂಜಿನ್ ಪಳಗಿಯಾಗಿತ್ತು. “ಹಾಗೇ ಒಂದ್ಸಲ ಮೇಲಕ್ಕೆ ಹೋಗ್ಬಾ, ಪೂರ್ತಿ ತುಳಿದು ನೋಡು, ಏನಾದ್ರೂ ಬಡ್ಕೊಳ್ಳುತ್ತಾ ಹೇಳು,” ಎಂದಿದ್ದ ಗಂಡ, ಮುಸುಕಿನೊಳಗಿಂದಲೇ. ಅವಳು ಬರೀ ಕಾರಿನಲ್ಲಿ ಹೊರಟಳು. ಟ್ಯಾಂಕಿನ ತಿರುವು ಬಂತು. ಕೈ ರೂಢಿಯಂತೆ ಗೇರಿಗೆ ಹೋಯಿತು, ಆದರೆ ಕಿವಿ ಬೇಡವೆಂದಿತು. ಮೂರರಲ್ಲೇ ಬಿಟ್ಟಳು. ಕಾರು ಸೋಲಲಿಲ್ಲ, ಹಿಂದಿನಿಂದ ಯಾರೋ ಅಂಗೈಯಲ್ಲೆತ್ತಿ ಆ ಬದಿಗೆ ಇಟ್ಟಂತೆ ತಿರುವನ್ನು ದಾಟಿತು. ಗಾಜಿನ ತುಂಬ ಆಕಾಶ. ಇದು ಇಷ್ಟು ದಿನ ಇಲ್ಲೇ ಇತ್ತು, ನನ್ನ ಪಾದದ ಕೆಳಗೇ ಇತ್ತು ಎಂದುಕೊಂಡಳು.

ಗೇಟಿನಲ್ಲಿ ಕಾವಲುಗಾರ ಪಾತ್ರೆಯನ್ನೂ ಅವಳನ್ನೂ ನೋಡಿದ. “ಇದೇನಕ್ಕಾ, ನೀರಿನ್ನೂ ಗುಳ್ಳೆನೇ ಎದ್ದಿಲ್ಲ.”

ಇಳಿಯುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಗಂಡ ಎಂಬತ್ತನಾಲ್ಕು ಕಿಲೋ, ತಾನು ನಲವತ್ತೊಂಬತ್ತು. ನಡುವೆ ಸರಿಯಾಗಿ ಒಂದು ಗಂಟು. ಅಣ್ಣತಮ್ಮ ಎರಡು ವರ್ಷ ಕೊರೆದು ತೆಗೆದದ್ದಕ್ಕಿಂತ ನಾಲ್ಕು ಕಿಲೋ ಹೆಚ್ಚು. ಆ ಲೆಕ್ಕ ಗೋಡೆಯ ಮೇಲೆ ಎಲ್ಲೂ ಇರಲಿಲ್ಲ.

ರೇಸಿನ ಹಿಂದಿನ ದಿನ ಗಂಡ ಅಭ್ಯಾಸಕ್ಕೆ ಹತ್ತಿಸಿದ. ಟ್ಯಾಂಕಿನ ತಿರುವಿನಲ್ಲಿ ಎರಡಕ್ಕೆ ಇಳಿಸಿದ. ಗೇರು ಹಲ್ಲು ಕಡಿದ ಸದ್ದು ಕೆಳಗಿನವರೆಗೂ ಕೇಳಿತು. ಸೊಸೆಯ ಜೊತೆ ರಸ್ತೆಬದಿಯಲ್ಲಿ ಕೂತಿದ್ದ ಅತ್ತೆ, ಬಾಯಿಗೆ ಕಲ್ಲು ಸಿಕ್ಕಿದವರಂತೆ ಮುಖ ಕಿವುಚಿದರು. “ನನ್ನ ಮಗನೇ. ಕೈ ಚಿನ್ನ, ಕಿವಿ ಮಾತ್ರ ಅವರಪ್ಪಂದು.” ಆಮೇಲೆ ಅವಳ ಕಡೆ ತಿರುಗದೆಯೇ ಕೇಳಿದರು, “ನೀನು ಎರಡಕ್ಕೆ ಇಳಿಸ್ತೀಯೇನೇ ಅಲ್ಲಿ?”

“ಗಂಟಿದ್ರೆ ಇಳಿಸ್ತೀನಿ.”



ರೇಸಿನ ಬೆಳಗ್ಗೆ ಗುಡ್ಡದ ಬುಡದಲ್ಲಿ ಗಂಡ ಕಾರಿನ ಕೆಳಗೆ ಮಲಗಿದ್ದ, ಎರಡು ಕಾಲು ಮಾತ್ರ ಹೊರಗೆ. “ಫಾರಂ ನೀನೇ ತುಂಬ್ಕೊಟ್ಬಿಡು. ನನ್ನ ಕೈ ಪೂರ್ತಿ ಗ್ರೀಸು,” ಎಂದವು ಕಾಲುಗಳು. ಮನೆಯ ಫಾರಂಗಳನ್ನೆಲ್ಲ ತುಂಬುತ್ತಿದ್ದವಳು ಅವಳೇ ತಾನೆ.

ಹೆಸರು ನೋಂದಾಯಿಸುವ ಮೇಜಿನ ಹಿಂದಿನ ಗುಮಾಸ್ತೆ ಕಾಗದವನ್ನು ಅವಳತ್ತ ತಳ್ಳಿದಳು. ಮೊದಲ ಸಾಲಿನಲ್ಲಿ ಅವಳು ಗಂಡನ ಹೆಸರು, ವಯಸ್ಸು, ತೂಕ ಬರೆದಳು. ಕೆಳಗೆ ಇನ್ನೊಂದು ಸಾಲು: ಅದೇ ಕಾರಿನ ಎರಡನೇ ಚಾಲಕ.

“ಒಂದು ಕಾರಿಗೆ ಇಬ್ಬರು ಓಡಿಸ್ಬಹುದಾ?”

“ಓಹೋ. ಒಬ್ಬರಾದ ಮೇಲೆ ಒಬ್ಬರು. ಇಬ್ಬರ ಟೈಮೂ ಬೋರ್ಡಲ್ಲಿ ಒಂದರ ಕೆಳಗೊಂದು ಹಾಕ್ತೀವಿ, ಕಡಿಮೆ ಇದ್ದದ್ದು ಮೇಲೆ. ಯಾರೂ ಇಲ್ಲಾಂದ್ರೆ ಅಡ್ಡಗೆರೆ ಎಳೆದುಬಿಡಿ,” ಎಂದು ಗುಮಾಸ್ತೆ ಮುಂದಿನವರ ಕಡೆ ತಿರುಗಿದಳು.

ಒಂದರ ಕೆಳಗೊಂದು. ಯಾರದು ಮೇಲೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅದನ್ನು ಊರೆಲ್ಲ ಓದುತ್ತದೆ. ಸಂಜೆ ಊಟಕ್ಕೆ ಕೂತಾಗ ಗಂಡ ಏನನ್ನುತ್ತಾನೋ. ಏನೂ ಅನ್ನದೆ ತಟ್ಟೆ ನೋಡುತ್ತ ಕೂತರೆ? ಇದಕ್ಕೆ ಪ್ರಾಣ ಕೊಟ್ಟವನು ಅವನು, ಸುಳ್ಳಲ್ಲ. ಅದನ್ನು ಪಳಗಿಸಿದವಳು ತಾನು, ಅದೂ ಸುಳ್ಳಲ್ಲ.

ತಿರುಗಿ ನೋಡಿದಳು. ಕಾಲುಗಳು ಅಲ್ಲೇ ಇದ್ದವು. ಕೇಳಿದರೆ ಅವು ಏನೋ ಒಂದು ಹೇಳುತ್ತಿದ್ದವು. ಅವಳು ಕೇಳಲಿಲ್ಲ.

ಗುಮಾಸ್ತೆಯ ಪೆನ್ನನ್ನು ಮೇಜಿನ ಮೇಲಿಟ್ಟು, ಹಾಸುಬಟ್ಟೆಗಳ ಮೂಲೆಯಲ್ಲಿ ಊರವರ ಗುರುತುಗಳನ್ನೆಲ್ಲ ಬರೆಯುವ, ನೂರು ಸಲ ಒಗೆದರೂ ಹೋಗದ ಶಾಯಿಯ ಪೆನ್ನನ್ನು ಸೊಂಟದಿಂದ ತೆಗೆದಳು. ಮೊದಲು ತೂಕದ ಖಾನೆಯಲ್ಲಿ ನಲವತ್ತೊಂಬತ್ತು ಎಂದು ಬರೆದಳು. ಆಮೇಲೆ ಅದರ ಹಿಂದೆ, ಅಕ್ಷರ ಬಿಡಿಸಿ, ತನ್ನ ಹೆಸರು.